ಸಿಂಹಳ ಪರೀಕ್ಷೆ ಪಾಸಾಗದ ಗುಮಾಸ್ತರು: ಶ್ರೀಲಂಕಾದ ಅಸ್ಮಿತೆಯ ಪ್ರಶ್ನೆಗೆ ಒಂದು ಉತ್ತರ

ಪ್ರಶ್ನೆ: ನಾನು ರಾಜ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಶ್ರೀಲಂಕಾದ ತಮಿಳು ಪ್ರತ್ಯೇಕತಾ ಹೋರಾಟದ ಬಗ್ಗೆ ಕಿರುಪ್ರಬಂಧ ಬರೆಯುತ್ತಿದ್ದೇನೆ. ನಮ್ಮ ಅಧ್ಯಾಪಕರೊಬ್ಬರು ‘ಸಿಂಹಳ–ತಮಿಳು ಜಗಳ ಎರಡು ಸಾವಿರ ವರ್ಷ ಹಳೆಯದು, ಅದು ರಕ್ತದಲ್ಲೇ ಇದೆ’ ಎನ್ನುತ್ತಾರೆ. ಇನ್ನೊಬ್ಬರು ‘ರಾಷ್ಟ್ರ ಎಂಬುದೇ ಕಟ್ಟುಕಥೆ, ಎಲ್ಲವೂ ರಾಜಕಾರಣಿಗಳು ಹುಟ್ಟುಹಾಕಿದ್ದು’ ಎನ್ನುತ್ತಾರೆ. ಕ್ಷೇತ್ರಕಾರ್ಯಕ್ಕೆಂದು ತಮಿಳುನಾಡಿನ ನಿರಾಶ್ರಿತರ ಶಿಬಿರವೊಂದಕ್ಕೆ ಹೋಗಿ, ಎಂಬತ್ತು ದಾಟಿದ ಹಿರಿಯರೊಬ್ಬರನ್ನು ಮಾತನಾಡಿಸಿದೆ. ಅವರು 1959ರಲ್ಲಿ ಕೊಲಂಬೊದಲ್ಲಿ ಅಂಚೆ ಗುಮಾಸ್ತರಾಗಿ ಸೇರಿದವರು. ಸಿಂಹಳ ಪರೀಕ್ಷೆ ಪಾಸಾಗಲಿಲ್ಲವೆಂದು ವಾರ್ಷಿಕ ವೇತನ ಹೆಚ್ಚಳ ನಿಂತಿತಂತೆ. 1983ರಲ್ಲಿ ಮನೆ ಸುಟ್ಟುಹೋಯಿತು. ಮಗ ಹೋರಾಟಕ್ಕೆ ಸೇರಿ ಸತ್ತ. ‘ನಮ್ಮದು ಎರಡು ಸಾವಿರ ವರ್ಷಗಳ ಜನಾಂಗ ಅಮ್ಮಾ, ಬರೆದುಕೋ’ ಎಂದರು. ಬರೆದದ್ದನ್ನು ಓದಿ ಹೇಳಬೇಕೆಂದೂ ಕೇಳಿದ್ದಾರೆ. ನಾನು ‘ಕಟ್ಟಿದ ಅಸ್ಮಿತೆ’ ಎಂದು ಬರೆದರೆ ಅವರ ಮಗನ ಸಾವಿಗೆ ಅವಮಾನ ಮಾಡಿದಂತಲ್ಲವೇ? ಯಾವ ಸಿದ್ಧಾಂತ ಸರಿ? ಅವರನ್ನು ಒಂದು ರಾಷ್ಟ್ರವೆಂದು ಒಪ್ಪಿದರೆ ಪ್ರತ್ಯೇಕ ದೇಶವನ್ನೂ ಒಪ್ಪಬೇಕೇ? ಮುಂದಿರುವ ದಾರಿಗಳೇನು?

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಸಿದ್ಧಾಂತದ ಗೊಂದಲಕ್ಕಿಂತ ಆ ಹಿರಿಯರ ಮುಖ ನಿಮ್ಮನ್ನು ಹೆಚ್ಚು ಕಾಡುತ್ತಿದೆ. ಅದು ಒಳ್ಳೆಯದು. ಎರಡು ದಶಕಗಳಿಗೂ ಹೆಚ್ಚು ಕಾಲ ಈ ವಿಷಯ ಪಾಠ ಮಾಡಿದ ನನಗೂ ಇಂಥ ಪ್ರಶ್ನೆಗಳು ಹೆಚ್ಚಾಗಿ ಎದುರಾದದ್ದು ತರಗತಿಯ ಹೊರಗೆ, ಯಾರದೋ ಮನೆಯ ಜಗಲಿಯಲ್ಲಿ ಕುಳಿತಾಗ.

ನಿಮ್ಮನ್ನು ಕಟ್ಟಿಹಾಕಿರುವುದು ಎರಡು ಗಂಟುಗಳು. ‘ಕಟ್ಟಿದ್ದು’ ಎಂದರೆ ‘ಸುಳ್ಳು’ ಎಂದು ನೀವು ಭಾವಿಸಿದ್ದೀರಿ. ‘ರಾಷ್ಟ್ರ’ ಎಂದರೆ ‘ಪ್ರತ್ಯೇಕ ದೇಶಕ್ಕೆ ಹಕ್ಕುಪತ್ರ’ ಎಂದೂ ಭಾವಿಸಿದ್ದೀರಿ. ಈ ಎರಡನ್ನೂ ಬಿಚ್ಚಿದರೆ ಉಳಿದದ್ದು ಸುಲಭ.

ಮೊದಲು ಎರಡು ಸಾವಿರ ವರ್ಷಗಳ ಮಾತು. ಇದಕ್ಕೆ ಎಲ್ಲರೂ ಆಧಾರವಾಗಿ ತೋರಿಸುವುದು ಮಹಾವಂಶವನ್ನು. ಕ್ರಿಸ್ತಶಕ ಐದು–ಆರನೆಯ ಶತಮಾನದ ಸುಮಾರಿಗೆ ಬೌದ್ಧ ಭಿಕ್ಷುಗಳು ಪಾಲಿಯಲ್ಲಿ ಬರೆದ ವಂಶಚರಿತ್ರೆ ಅದು. ಸಿಂಹಳ ರಾಜ ದುಟುಗೆಮುನು ಅನುರಾಧಪುರದ ಬಳಿ ಚೋಳನಾಡಿನಿಂದ ಬಂದ ದೊರೆ ಎಳಾರನನ್ನು ಕೊಂದ ಕಥೆ ಅದರ ಮುಖ್ಯ ಭಾಗ. ಇಪ್ಪತ್ತನೆಯ ಶತಮಾನದ ಸಿಂಹಳ ರಾಷ್ಟ್ರವಾದಿಗಳು ಈ ಕಥೆಯನ್ನು ‘ನಾವು–ಅವರು’ ಎಂಬ ಯುದ್ಧದ ಮೊದಲ ಅಧ್ಯಾಯವಾಗಿ ಓದಿದರು. ಆದರೆ ಗ್ರಂಥವನ್ನೇ ತೆರೆದು ನೋಡಿ. ಎಳಾರ 44 ವರ್ಷ ನ್ಯಾಯವಾಗಿ ಆಳಿದನೆಂದು ಅದೇ ಹೇಳುತ್ತದೆ. ದುಟುಗೆಮುನುವಿನ ಮಹಾಯೋಧರಲ್ಲಿ ಒಬ್ಬನಾದ ನಂದಿಮಿತ್ರನ ಸೋದರಮಾವ ಎಳಾರನ ಸೇನಾಪತಿ. ಎಳಾರ ಬಿದ್ದ ಜಾಗದಲ್ಲಿ ಸ್ಮಾರಕ ಕಟ್ಟಿಸಿ, ಅದನ್ನು ದಾಟುವಾಗ ವಾದ್ಯ ನಿಲ್ಲಿಸಬೇಕೆಂದು ಗೆದ್ದವನೇ ಆಜ್ಞೆ ಮಾಡುತ್ತಾನೆ. ಬೌದ್ಧ ಧರ್ಮದ ಹೆಸರಿನಲ್ಲಿ ನಡೆದ ಯುದ್ಧವೆಂದು ಗ್ರಂಥ ಹೇಳುವುದು ನಿಜ. ಅದರಲ್ಲಿ ಕ್ರೌರ್ಯವನ್ನು ಸಮರ್ಥಿಸುವ ಸಾಲುಗಳೂ ಇವೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಮಾವ ಒಂದು ಕಡೆ, ಅಳಿಯ ಇನ್ನೊಂದು ಕಡೆ ನಿಂತ ಯುದ್ಧವನ್ನು ಎರಡು ಜನಾಂಗಗಳ ಯುದ್ಧವೆಂದು ಹೇಗೆ ಕರೆಯುವುದು?

ಇನ್ನೂ ಹತ್ತಿರಕ್ಕೆ ಬನ್ನಿ. 1739ರಿಂದ 1815ರವರೆಗೆ ದ್ವೀಪದ ನಡುವಿನ ಸಿಂಹಳ ರಾಜ್ಯವಾದ ಕ್ಯಾಂಡಿಯ ಸಿಂಹಾಸನದಲ್ಲಿ ಕುಳಿತವರು ದಕ್ಷಿಣ ಭಾರತದ ಮೂಲದ ನಾಯಕ್ಕರ್ ಮನೆತನದವರು. ಅವರಲ್ಲೊಬ್ಬನಾದ ಕೀರ್ತಿಶ್ರೀ ರಾಜಸಿಂಹನ ಆಳ್ವಿಕೆಯಲ್ಲೇ, 1753ರಲ್ಲಿ, ಸಯಾಮಿನಿಂದ, ಅಂದರೆ ಇಂದಿನ ಥಾಯ್ಲೆಂಡಿನಿಂದ, ಭಿಕ್ಷುಗಳನ್ನು ಕರೆಸಿ, ದ್ವೀಪದಲ್ಲಿ ಕಡಿದುಹೋಗಿದ್ದ ಉಪಸಂಪದೆಯ (ಪೂರ್ಣ ಭಿಕ್ಷುದೀಕ್ಷೆಯ) ಪರಂಪರೆಯನ್ನು ಮತ್ತೆ ಆರಂಭಿಸಲಾಯಿತು. ಇಂದಿನ ಬಹುದೊಡ್ಡ ಭಿಕ್ಷು ಸಂಘವಾದ ಸಯಾಮ ನಿಕಾಯದ ಮೂಲ ಅದೇ. 1915ಕ್ಕೆ ಬನ್ನಿ. ಆ ವರ್ಷ ಸಿಂಹಳರು ಮತ್ತು ಮುಸ್ಲಿಮರ ನಡುವೆ ಗಲಭೆಯಾಗಿ ಬ್ರಿಟಿಷರು ಸಿಂಹಳ ಮುಖಂಡರನ್ನು ಜೈಲಿಗೆ ತಳ್ಳಿದಾಗ, ಲಂಡನ್ನಿಗೆ ಹೋಗಿ ಅವರ ಪರವಾಗಿ ವಾದಿಸಿದವರು ತಮಿಳರಾದ ಪೊನ್ನಂಬಲಂ ರಾಮನಾಥನ್. ಅವರು ಮರಳಿದಾಗ ಕುದುರೆಗಳನ್ನು ಬಿಚ್ಚಿ, ಸಿಂಹಳ ಮುಖಂಡರೇ ಗಾಡಿಯನ್ನು ಎಳೆದರು. ಎರಡು ಸಾವಿರ ವರ್ಷ ರಕ್ತದಲ್ಲಿ ಹರಿದ ದ್ವೇಷ ಅಂದು ಎಲ್ಲಿಗೆ ಹೋಗಿತ್ತು?

ಇದನ್ನೆಲ್ಲ ಕೇಳಿ ನಿಮ್ಮ ಎರಡನೆಯ ಅಧ್ಯಾಪಕರು ಗೆದ್ದರೆಂದುಕೊಳ್ಳಬೇಡಿ. ಅವರ ಮಾತು ಇದಕ್ಕಿಂತ ಹೆಚ್ಚು ದಾರಿ ತಪ್ಪಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ರಾಜಕಾರಣಿಗಳ ಪಾತ್ರ ದೊಡ್ಡದೇ. ಅಧಿಕಾರಕ್ಕಾಗಿ ಮುಖಂಡರು ಭಾಷೆ, ಧರ್ಮಗಳನ್ನು ಆಯುಧ ಮಾಡಿಕೊಳ್ಳುತ್ತಾರೆ ಎಂಬ ಪಾಲ್ ಬ್ರಾಸ್ ಅವರ ವಾದಕ್ಕೆ ಶ್ರೀಲಂಕಾಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಮುಂದೆ ಪ್ರಧಾನಿಯಾದ ಎಸ್.ಡಬ್ಲ್ಯು.ಆರ್.ಡಿ. ಬಂಡಾರನಾಯಕೆ 1926ರಲ್ಲಿ, ಇಂಗ್ಲೆಂಡಿನಿಂದ ಓದಿ ಬಂದ ಹೊಸದರಲ್ಲಿ, ಸಿಲೋನಿಗೆ (ಅಂದು ಶ್ರೀಲಂಕಾದ ಹೆಸರು ಅದು) ಒಕ್ಕೂಟ ವ್ಯವಸ್ಥೆಯೇ ತಕ್ಕದ್ದೆಂದು ವಾದಿಸಿದವರು. ಮರುವರ್ಷ ಒಕ್ಕೂಟವನ್ನು ಕೇಳಿದವರು ಕ್ಯಾಂಡಿಯ ಸಿಂಹಳರು. ಕರಾವಳಿಯ ಸಿಂಹಳರು ತಮ್ಮನ್ನು ನುಂಗಿಹಾಕುತ್ತಾರೆಂಬ ಭಯ ಅವರಿಗೆ. ತಮಿಳರು ಒಕ್ಕೂಟದ ಮಾತೆತ್ತಿದ್ದು ಅದಕ್ಕೂ ಎರಡು ದಶಕಗಳ ನಂತರ. ಅದೇ ಬಂಡಾರನಾಯಕೆ 1956ರಲ್ಲಿ ಸಿಂಹಳವೊಂದೇ ಆಡಳಿತ ಭಾಷೆ ಎಂಬ ಭರವಸೆ ಕೊಟ್ಟು ಗೆದ್ದು, ಆ ವರ್ಷವೇ ಕಾನೂನು ತಂದರು. ಎದುರಾಳಿ ಪಕ್ಷವೂ ಚುನಾವಣೆಗೆ ಮೊದಲೇ ತನ್ನ ನಿಲುವು ಬದಲಿಸಿ ಅದೇ ಘೋಷಣೆಗೆ ಬಂದಿತ್ತು. 1957ರ ಜುಲೈಯಲ್ಲಿ ಬಂಡಾರನಾಯಕೆ ತಮಿಳು ನಾಯಕ ಎಸ್.ಜೆ.ವಿ. ಚೆಲ್ವನಾಯಗಂ ಅವರೊಂದಿಗೆ ಒಪ್ಪಂದ ಮಾಡಿಕೊಂಡರು: ಪ್ರಾದೇಶಿಕ ಮಂಡಳಿಗಳು, ಉತ್ತರ–ಪೂರ್ವಗಳಲ್ಲಿ ತಮಿಳಿನಲ್ಲಿ ಆಡಳಿತ. ವಿರೋಧ ಪಕ್ಷ ಅದರ ವಿರುದ್ಧ ಕ್ಯಾಂಡಿಗೆ ಪಾದಯಾತ್ರೆ ಹೊರಟಿತು. 1958ರ ಏಪ್ರಿಲಿನಲ್ಲಿ ಭಿಕ್ಷುಗಳು ಪ್ರಧಾನಿಯ ಮನೆ ಎದುರು ಕುಳಿತರು. ಬಂಡಾರನಾಯಕೆ ಒಪ್ಪಂದವನ್ನು ರದ್ದು ಮಾಡಿದರು. ಮರುವರ್ಷ ಅವರನ್ನು ಗುಂಡಿಟ್ಟು ಕೊಂದವನೂ ಒಬ್ಬ ಭಿಕ್ಷುವೇ.

ಇಷ್ಟು ಓದಿದರೆ ಎಲ್ಲವೂ ಮುಖಂಡರ ಆಟವೆಂದೇ ತೋರುತ್ತದೆ. ಆದರೆ ಮುಖಂಡರು ಕೂಗಿದ್ದೆಲ್ಲವನ್ನೂ ಜನ ಕೇಳುವುದಿಲ್ಲ. ಯಾವ ಕೂಗು ಯಾಕೆ ಮನೆಮನೆಗೆ ತಲುಪಿತು ಎಂಬುದು ಪ್ರಶ್ನೆ. ಅದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ, ನೀವು ಗಮನಿಸದೆ ದಾಟಿ ಹೋಗಿದ್ದೀರಿ: ವೇತನ ಹೆಚ್ಚಳ ನಿಂತಿತು ಎಂಬ ಸಾಲು.

ಅರ್ನೆಸ್ಟ್ ಗೆಲ್ನರ್ ಅವರ ಸಿದ್ಧಾಂತವನ್ನು ನೀವು ತರಗತಿಯಲ್ಲಿ ಓದಿರುತ್ತೀರಿ. ಒಕ್ಕಲುತನದ ಸಮಾಜದಲ್ಲಿ ಯಾರು ಯಾವ ನುಡಿ ಆಡಿದರೂ ನಡೆಯುತ್ತದೆ. ಶಾಲೆಯ ಓದೇ ಹೊಟ್ಟೆಪಾಡಿನ ದಾರಿಯಾದ ದಿನ, ಯಾವ ಭಾಷೆಯ ಓದು ಎಂಬುದು ಜೀವನ್ಮರಣದ ಪ್ರಶ್ನೆಯಾಗುತ್ತದೆ ಎಂಬುದು ಅದರ ತಿರುಳು. ಸಿಲೋನಿನಲ್ಲಿ ಗೆಲ್ನರ್ ಹೇಳಿದಷ್ಟು ಕಾರ್ಖಾನೆಗಳಿರಲಿಲ್ಲ. ಅಲ್ಲಿ ಕಾರ್ಖಾನೆಯ ಜಾಗದಲ್ಲಿದ್ದದ್ದು ಸರ್ಕಾರಿ ಕಚೇರಿ. ಉತ್ತರದ ತಮಿಳು ಪ್ರದೇಶವಾದ ಜಾಫ್ನಾದ ಒಣ ನೆಲದಲ್ಲಿ ಬೇಸಾಯಕ್ಕೆ ಮಿತಿಯಿತ್ತು. ಮಿಷನರಿ ಶಾಲೆಗಳು ಮಾತ್ರ ಧಾರಾಳವಾಗಿದ್ದವು. ಇಂಗ್ಲಿಷ್ ಕಲಿತು, ರೈಲು ಹತ್ತಿ, ದಕ್ಷಿಣಕ್ಕೆ ಹೋಗಿ ಗುಮಾಸ್ತನಾಗುವುದು ಅಲ್ಲಿನ ಮಧ್ಯಮ ವರ್ಗದ ಹೊಲವೂ ಹೌದು, ಫಸಲೂ ಹೌದು. ಅತ್ತ ಸಿಂಹಳ ಶಾಲೆಯಲ್ಲಿ ಓದಿದ ಹಳ್ಳಿಯ ಹುಡುಗನಿಗೆ ಇಂಗ್ಲಿಷಿನ ಬಾಗಿಲು ಮುಚ್ಚಿತ್ತು. ಅವನ ನೋವೂ ನಿಜವಾದದ್ದೇ. ಈ ಮಾತನ್ನು ನಿಮ್ಮ ಪ್ರಬಂಧದಲ್ಲಿ ದಯವಿಟ್ಟು ಬಿಡಬೇಡಿ. 1956ರ ಕಾನೂನು ಅವನ ಬಾಗಿಲು ತೆರೆದ ಅದೇ ಕೈಯಿಂದ ನಿಮ್ಮ ಹಿರಿಯರ ಬಾಗಿಲನ್ನು ಮುಚ್ಚಿತು. ‘ಎರಡು ಭಾಷೆಯಾದರೆ ಒಂದು ದೇಶ, ಒಂದೇ ಭಾಷೆಯಾದರೆ ಎರಡು ದೇಶ’ ಎಂಬ ಅರ್ಥದ ಎಚ್ಚರಿಕೆಯನ್ನು ಎಡಪಂಥದ ಸಂಸದ ಕೊಲ್ವಿನ್ ಆರ್. ಡಿ ಸಿಲ್ವಾ ಅಂದೇ ಸಂಸತ್ತಿನಲ್ಲಿ ಕೊಟ್ಟಿದ್ದರು. ಅವರು ಸಿಂಹಳರು. ಆ ಎಚ್ಚರಿಕೆಗಾಗಿ ಅವರ ಹೆಸರು ಇಂದಿಗೂ ಉಳಿದಿದೆ. ಅಂದು ಸದನದಲ್ಲಿ ಬಹುಮತ ಮಾತ್ರ ಸಿಗಲಿಲ್ಲ. ಇದೇ ಡಿ ಸಿಲ್ವಾ ಮುಂದೆ ಮಂತ್ರಿಯಾಗಿ, ಬೌದ್ಧ ಧರ್ಮಕ್ಕೆ ಅಗ್ರಸ್ಥಾನ ಕೊಟ್ಟ 1972ರ ಸಂವಿಧಾನದ ರಚನೆಯ ಹೊಣೆ ಹೊತ್ತರು ಎಂಬುದನ್ನು ನೆನೆದರೆ ಇಂದಿಗೂ ಮನಸ್ಸು ಮುದುಡುತ್ತದೆ.

ಎಪ್ಪತ್ತರ ದಶಕದ ಆರಂಭದಲ್ಲಿ ಬಂದದ್ದು ವಿಶ್ವವಿದ್ಯಾಲಯ ಪ್ರವೇಶದ ‘ಪ್ರಮಾಣೀಕರಣ’. ವೈದ್ಯಕೀಯ ಪ್ರವೇಶಕ್ಕೆ 400 ಅಂಕಗಳಲ್ಲಿ ತಮಿಳು ಮಾಧ್ಯಮದ ವಿದ್ಯಾರ್ಥಿ 250 ಪಡೆಯಬೇಕಿತ್ತು, ಸಿಂಹಳ ಮಾಧ್ಯಮದವನಿಗೆ 229 ಸಾಕಿತ್ತು. ಇಪ್ಪತ್ತೊಂದು ಅಂಕ. ಸೂಚನಾಫಲಕದ ಮುಂದೆ ನಿಂತು ತನ್ನ ಸಂಖ್ಯೆಯನ್ನು ಹುಡುಕುವ ಹದಿನೆಂಟರ ಹುಡುಗನನ್ನು ಕಣ್ಣೆದುರು ತಂದುಕೊಳ್ಳಿ. ಅವನು ಆ ಬೆಳಿಗ್ಗೆ ಮನೆಯಿಂದ ಹೊರಟಾಗ ಗಣಿತದ ವಿದ್ಯಾರ್ಥಿಯೋ ಜೀವಶಾಸ್ತ್ರದ ವಿದ್ಯಾರ್ಥಿಯೋ ಆಗಿದ್ದ. ಸಂಜೆ ಮರಳುವಾಗ ತಮಿಳನಾಗಿದ್ದ. ಆಮೇಲೆ ಬಂದ ಜಿಲ್ಲಾವಾರು ಮೀಸಲಾತಿಯಿಂದ ಹಿಂದುಳಿದ ತಮಿಳು ಜಿಲ್ಲೆಗಳ ಹುಡುಗರಿಗೂ ಸ್ವಲ್ಪ ಅನುಕೂಲವಾಯಿತು ಎಂಬುದನ್ನು ಪ್ರಾಮಾಣಿಕವಾಗಿ ದಾಖಲಿಸಬೇಕು. ಆದರೆ ಅಷ್ಟರಲ್ಲಿ ಜಾಫ್ನಾದ ತರುಣರು ಸಂಸದೀಯ ಮಾತುಕತೆಯಲ್ಲಿ ನಂಬಿಕೆ ಕಳೆದುಕೊಂಡಿದ್ದರು. ನಿರುದ್ಯೋಗಿ ಸಿಂಹಳ ತರುಣರೂ 1971ರಲ್ಲಿ ಜನತಾ ವಿಮುಕ್ತಿ ಪೆರಮುನದ ನೇತೃತ್ವದಲ್ಲಿ ಸರ್ಕಾರದ ವಿರುದ್ಧ ಬಂದೂಕು ಹಿಡಿದರು. ಕೆಲಸವಿಲ್ಲದ, ಓದಿದ ಹುಡುಗರ ಸಿಟ್ಟು ಎರಡೂ ಕಡೆ ಒಂದೇ. ಒಂದು ಕಡೆ ಅದು ಕ್ರಾಂತಿಯ ಹೆಸರು ಪಡೆಯಿತು, ಇನ್ನೊಂದು ಕಡೆ ಈಳಂ, ಅಂದರೆ ಪ್ರತ್ಯೇಕ ತಮಿಳು ದೇಶ, ಎಂಬ ಹೆಸರು.

ಇನ್ನು ಸಿದ್ಧಾಂತಿಗಳ ಜಗಳ. 1995ರಲ್ಲಿ ಗೆಲ್ನರ್ ಮತ್ತು ಅವರ ಶಿಷ್ಯ ಆಂಥನಿ ಸ್ಮಿತ್ ಒಂದೇ ವೇದಿಕೆಯಲ್ಲಿ ಎದುರುಬದುರಾದರು. ‘ರಾಷ್ಟ್ರಗಳಿಗೆ ಹೊಕ್ಕುಳಿದೆಯೇ?’ ಎಂದು ಗೆಲ್ನರ್ ಕೇಳಿದರು. ದೇವರೇ ಸೃಷ್ಟಿಸಿದ ಆದಿಮಾನವನಿಗೆ ತಾಯಿಯಿಲ್ಲ, ಹಾಗಾದರೆ ಹೊಕ್ಕುಳು ಇತ್ತೇ ಎಂಬ ಹಳೆಯ ತರ್ಕದಿಂದ ಎತ್ತಿಕೊಂಡ ಪ್ರಶ್ನೆ ಅದು. ಕೆಲವು ರಾಷ್ಟ್ರಗಳಿಗೆ ಹೊಕ್ಕುಳಿದೆ, ಕೆಲವಕ್ಕಿಲ್ಲ, ಇದ್ದರೂ ಅದು ಮುಖ್ಯವಲ್ಲ ಎಂದರು ಗುರುಗಳು. ಹಳೆಯ ನೆನಪು, ಪುರಾಣ, ಪುಣ್ಯಕ್ಷೇತ್ರಗಳಿಲ್ಲದೆ ಯಾವ ರಾಷ್ಟ್ರವೂ ನಿಲ್ಲದು ಎಂದರು ಶಿಷ್ಯರು. ಗೆಲ್ನರ್ ಕೆಲವೇ ದಿನಗಳಲ್ಲಿ ತೀರಿಕೊಂಡರು. ಚರ್ಚೆ ಮುಗಿಯಲಿಲ್ಲ.

ಶ್ರೀಲಂಕಾದ ಮಟ್ಟಿಗೆ ನನ್ನ ತೀರ್ಮಾನ ಇದು: ಹೊಕ್ಕುಳಿದೆ, ಆದರೆ ಮಗುವನ್ನು ಬೆಳೆಸಿದ್ದು ಅದಲ್ಲ. ಮಹಾವಂಶವಿತ್ತು, ಜಾಫ್ನಾದಲ್ಲಿ ಹದಿನೇಳನೆಯ ಶತಮಾನದ ಆರಂಭದವರೆಗೆ ಒಂದು ತಮಿಳು ರಾಜ್ಯವಿತ್ತು, ಎರಡು ಭಾಷೆಗಳೂ ಹಳೆಯವು. ನಿಮ್ಮ ಹಿರಿಯರು ಎರಡು ಸಾವಿರ ವರ್ಷ ಎಂದಾಗ ಅವರ ಕೈ ತಡಕುತ್ತಿರುವುದು ಈ ನಿಜವಾದ ವಸ್ತುಗಳನ್ನೇ. ಆದರೆ ಅವುಗಳನ್ನು ಹೊಸದಾಗಿ ಜೋಡಿಸಿದ್ದು ಹತ್ತೊಂಬತ್ತನೆಯ ಶತಮಾನ. ಮಹಾವಂಶದ ಇಂಗ್ಲಿಷ್ ಅನುವಾದ 1837ರಲ್ಲಿ ಅಚ್ಚಾಯಿತು. 1849ರಲ್ಲಿ ತಮಿಳು ಶೈವ ವಿದ್ವಾಂಸ ಆರುಮುಗ ನಾವಲರ್ ಜಾಫ್ನಾದಲ್ಲಿ ಅಚ್ಚುಕೂಟ ತೆರೆದರು. ಬೌದ್ಧ ಸುಧಾರಕ ಅನಗಾರಿಕ ಧರ್ಮಪಾಲರು 1906ರಲ್ಲಿ ಸಿಂಹಳ ಪತ್ರಿಕೆ ಹೊರಡಿಸಿದರು. ಅಚ್ಚಾದ ಪುಟವನ್ನು ಓದುವ ಅಪರಿಚಿತರು ತಾವು ಒಂದೇ ಸಮುದಾಯವೆಂದು ಕಲ್ಪಿಸಿಕೊಳ್ಳುತ್ತಾರೆ ಎಂದ ಬೆನೆಡಿಕ್ಟ್ ಆಂಡರ್ಸನ್ ಇದನ್ನು ನೋಡಿದ್ದರೆ ತಲೆದೂಗುತ್ತಿದ್ದರು. ಆದರೆ ನಾವಲರ್ ಕಟ್ಟಲು ಹೊರಟದ್ದು ತಮಿಳು ರಾಷ್ಟ್ರವನ್ನಲ್ಲ, ಮಿಷನರಿಗಳಿಗೆ ಎದುರಾಗಿ ಶೈವ ಸಮಾಜವನ್ನು, ಅದೂ ಮೇಲುಜಾತಿಯ ಕಣ್ಣಿನಿಂದ. ನೂರು ವರ್ಷಗಳ ನಂತರ ತಮಿಳರ ಪರಮ ನಾಯಕರಾದ ಚೆಲ್ವನಾಯಗಂ ಕ್ರೈಸ್ತರು. ಗಡಿ ಯಾವ ಗೆರೆಯ ಮೇಲೆ ಬೀಳುತ್ತದೆ ಎಂಬುದು ಮೊದಲೇ ನಿಶ್ಚಯವಾಗಿರಲಿಲ್ಲ.

ಗಡಿ ಎಂದೆ. ಈ ಮಾತನ್ನು ಸ್ವಲ್ಪ ಬಿಡಿಸುತ್ತೇನೆ, ಏಕೆಂದರೆ ನಿಮ್ಮ ಪ್ರಬಂಧಕ್ಕೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಇದೇ ಎಂದು ನನಗೆ ಅನಿಸುತ್ತದೆ. ಮಾನವಶಾಸ್ತ್ರಜ್ಞ ಫ್ರೆಡ್ರಿಕ್ ಬಾರ್ತ್ 1969ರಲ್ಲಿ ಒಂದು ಮಾತು ಹೇಳಿದರು: ಜನಾಂಗವನ್ನು ಹಿಡಿದಿಡುವುದು ಅದರೊಳಗಿನ ಸಂಸ್ಕೃತಿಯಲ್ಲ, ಅದರ ಸುತ್ತಲಿನ ಗಡಿ. ಸಿಂಹಳರೂ ತಮಿಳರೂ ಏಪ್ರಿಲ್ ನಡುವಿನ ಅದೇ ದಿನಗಳಲ್ಲಿ ಹೊಸವರ್ಷ ಆಚರಿಸುತ್ತಾರೆ. ಕದಿರ್ಗಾಮದ ದೇವರಿಗೆ ಇಬ್ಬರೂ ಹರಕೆ ಹೊರುತ್ತಾರೆ. ತಮಿಳರ ಕಣ್ಣಗಿಯನ್ನು ಸಿಂಹಳ ಬೌದ್ಧರು ಪತ್ತಿನಿ ದೇವಿಯೆಂದು ಪೂಜಿಸುತ್ತಾರೆ. ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳನ್ನು ಮದುವೆಯಾಗುವ ಪದ್ಧತಿ ಇಬ್ಬರಲ್ಲೂ ಇದೆ. ನೆಗೊಂಬೊದಿಂದ ಉತ್ತರಕ್ಕೆ ಹಬ್ಬಿದ ಪಶ್ಚಿಮ ಕರಾವಳಿಯಲ್ಲಿ ತಮಿಳಾಡುತ್ತಿದ್ದ ಕೆಥೊಲಿಕ್ ಮೀನುಗಾರ ಕುಟುಂಬಗಳು, ಮಕ್ಕಳ ಶಾಲೆ ಸಿಂಹಳಕ್ಕೆ ತಿರುಗಿದ ಮೇಲೆ, ಎರಡು–ಮೂರು ತಲೆಮಾರುಗಳಲ್ಲಿ ಸಿಂಹಳರಾದವು. ಅಜ್ಜಿ ತಮಿಳಿನಲ್ಲಿ ಪ್ರಾರ್ಥಿಸುವ ಮನೆಯಲ್ಲಿ ಮೊಮ್ಮಗ ಸಿಂಹಳ ಸೈನಿಕ.

ಒಳಗಿನದು ಇಷ್ಟು ಬೆರೆತಿದ್ದರೂ ಗಡಿ ಗಟ್ಟಿಯಾಯಿತು. 1957ರ ಹೊತ್ತಿಗೆ ವಾಹನಗಳ ನಂಬರ್ ಫಲಕದಲ್ಲಿ ಸಿಂಹಳ ಲಿಪಿಯ ‘ಶ್ರೀ’ ಕಡ್ಡಾಯವಾಯಿತು. ಜಾಫ್ನಾದಲ್ಲಿ ಅದಕ್ಕೆ ಟಾರು ಬಳಿದು ತಮಿಳು ‘ಶ್ರೀ’ ಬರೆದರು. ದಕ್ಷಿಣದಲ್ಲಿ ತಮಿಳು ಫಲಕಗಳಿಗೆ ಟಾರು ಬಿತ್ತು. ಅದೇ ಸಂಸ್ಕೃತ ಪದ, ಅದೇ ಉಚ್ಚಾರ, ಅದೇ ಮಂಗಳದ ಅರ್ಥ; ಬೇರೆಯಾದದ್ದು ಲಿಪಿ ಮಾತ್ರ. 1958ರ ಮೇ ತಿಂಗಳಲ್ಲಿ, ಇಡೀ ದ್ವೀಪಕ್ಕೆ ಹಬ್ಬಿದ ಮೊದಲ ತಮಿಳು ವಿರೋಧಿ ಗಲಭೆ ನಡೆದು ನೂರಾರು ಜನ ಸತ್ತರು. 1983ರ ಜುಲೈಯಲ್ಲಿ ಗುಂಪುಗಳು ಕೊಲಂಬೊದ ಬೀದಿಗಳಲ್ಲಿ ಮತದಾರರ ಪಟ್ಟಿ ಹಿಡಿದು ತಮಿಳರ ಮನೆಗಳನ್ನು ಹುಡುಕಿದವು. ದಾರಿಹೋಕರ ಮುಖ ನೋಡಿ ಯಾರು ಯಾರೆಂದು ಹೇಳಲಾಗದಾಗ, ಬಕೆಟ್ಟಿಗೆ ಸಿಂಹಳದಲ್ಲಿರುವ ‘ಬಾಲ್ದಿಯ’ ಎಂಬ ಪದವನ್ನು ಉಚ್ಚರಿಸಲು ಹೇಳುತ್ತಿದ್ದರು. ನಾಲಗೆ ‘ಬ’ಕಾರದಲ್ಲಿ ತಡವರಿಸಿದರೆ ಮುಗಿಯಿತು. ಆ ಪದ ಸಿಂಹಳವೂ ಅಲ್ಲ, ಪೋರ್ಚುಗೀಸರಿಂದ ಬಂದದ್ದು. ರಕ್ತದಲ್ಲಿ ಭೇದವಿದ್ದಿದ್ದರೆ ಬಕೆಟ್ಟಿನ ಹೆಸರು ಕೇಳಬೇಕಾಗುತ್ತಿರಲಿಲ್ಲ. ಆದರೆ ಆ ಕ್ಷಣದಲ್ಲಿ ಆ ಮನುಷ್ಯನಿಗೆ ತನ್ನ ತಮಿಳುತನಕ್ಕಿಂತ ನಿಜವಾದದ್ದು ಲೋಕದಲ್ಲಿ ಬೇರೇನೂ ಇರಲಿಲ್ಲ. ಕಟ್ಟಿದ್ದು ಎಂಬುದಕ್ಕೂ ಸುಳ್ಳು ಎಂಬುದಕ್ಕೂ ಇರುವ ದೂರ ಇಷ್ಟು.

ಇಷ್ಟಾದ ಮೇಲೆ ನಿಮ್ಮ ಹಿರಿಯರಿಗೆ ಕಹಿಯೆನಿಸಬಹುದಾದ ಮಾತನ್ನೂ ಹೇಳಬೇಕು. ರಾಷ್ಟ್ರ ಕಟ್ಟುವ ಕೆಲಸವನ್ನು ಹುಲಿಗಳೂ, ಅಂದರೆ ಈಳಂಗಾಗಿ ಬಂದೂಕು ಹಿಡಿದ ಎಲ್‌ಟಿಟಿಇಯವರೂ, ಮಾಡಿದರು, ಬಹಳ ಪ್ರಜ್ಞಾಪೂರ್ವಕವಾಗಿ. ಹಿಂದೂ ತಮಿಳರು ಸತ್ತವರನ್ನು ಸುಡುತ್ತಾರೆ. ಎಲ್‌ಟಿಟಿಇ ತನ್ನ ಹುತಾತ್ಮರನ್ನು ಹೂಳಿತು. ಸಾಲುಸಾಲು ಒಂದೇ ಅಳತೆಯ ಸಮಾಧಿಗಳು, ‘ತುಯಿಲುಂ ಇಲ್ಲಂ’, ಅಂದರೆ ನಿದ್ರಿಸುವ ಮನೆ ಎಂಬ ಹೆಸರು, ಪ್ರತಿ ನವೆಂಬರ್ 27ರಂದು ದೀಪ. ಜಾತಿ, ಊರು, ಧರ್ಮ ಯಾವುದೂ ಅಲ್ಲಿ ಕಾಣುತ್ತಿರಲಿಲ್ಲ. ಒಂದೇ ತಲೆಮಾರಿನಲ್ಲಿ ಹುಟ್ಟಿದ ಆಚರಣೆ ಅದು. ಆದರೂ ಆ ಕಲ್ಲಿನ ಮುಂದೆ ಕುಳಿತು ಅತ್ತ ತಾಯಿಯ ಕಣ್ಣೀರಿನಲ್ಲಿ ಹೊಸದೇನೂ ಇರಲಿಲ್ಲ. 2009ರ ಬಳಿಕ ಸೇನೆ ಆ ಸಮಾಧಿಗಳನ್ನು ನೆಲಸಮ ಮಾಡಿತು. ಜಾಫ್ನಾ ಬಳಿಯ ಕೋಪಾಯಿಯಲ್ಲಿ ಆ ಜಾಗದಲ್ಲೇ ಸೇನೆಯ ಕಚೇರಿ ಎದ್ದಿತು. ನಿಮ್ಮ ಹಿರಿಯರ ಮಗನ ಸಮಾಧಿ ಎಲ್ಲಿತ್ತೋ ನೀವು ಬರೆದಿಲ್ಲ. ಕೇಳದಿದ್ದರೆ ಒಳ್ಳೆಯದೇ ಆಯಿತು. ಅವರಾಗಿಯೇ ಹೇಳಿದರೆ ಮಾತ್ರ ಕೇಳಿ.

ಆ ರಾಷ್ಟ್ರದ ಗಡಿಯನ್ನೂ ಹುಲಿಗಳು ರಕ್ತದಲ್ಲೇ ಎಳೆದರು. ತಮಿಳನ್ನೇ ಮನೆಮಾತಾಗಿ ಆಡುವ ಉತ್ತರ ಪ್ರಾಂತದ ಮುಸ್ಲಿಮರನ್ನು 1990ರ ಅಕ್ಟೋಬರಿನಲ್ಲಿ ಹೊರದಬ್ಬಿದರು; ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ, ಜಾಫ್ನಾ ಪಟ್ಟಣದಲ್ಲಿ ಕೊಟ್ಟ ಗಡುವು ಎರಡೇ ಗಂಟೆ. ಬ್ರಿಟಿಷರು ತೋಟಗಳಿಗೆ ಕರೆತಂದ ಮಲೆನಾಡಿನ ತಮಿಳರು, ಅಂದರೆ 1948ರಲ್ಲಿ ಪೌರತ್ವವನ್ನೇ ಕಳೆದುಕೊಂಡು ಎಲ್ಲರಿಗಿಂತ ಮೊದಲು ಪೆಟ್ಟು ತಿಂದವರು, ಬಹುಮಟ್ಟಿಗೆ ಈಳಂ ತಮ್ಮದೆಂದು ಭಾವಿಸಲಿಲ್ಲ. 2004ರ ಮಾರ್ಚಿನಲ್ಲಿ ಪೂರ್ವದ ದಂಡನಾಯಕ ಕರುಣಾ, ಉತ್ತರದವರದೇ ಯಜಮಾನಿಕೆಯಾಯಿತೆಂದು ದೂರಿ ಸಿಡಿದುಹೋದ. ಭಿನ್ನವಾಗಿ ಯೋಚಿಸಿದ ತಮಿಳರನ್ನೇ ಹುಲಿಗಳು ಕೊಂದರು. 1989ರಲ್ಲಿ ತಮಿಳರ ಹಿರಿಯ ಸಂಸದೀಯ ನಾಯಕ ಅಮೃತಲಿಂಗಂ, 1999ರಲ್ಲಿ ಅಧಿಕಾರ ಹಂಚಿಕೆಯ ಕರಡು ಬರೆದವರಲ್ಲಿ ಒಬ್ಬರಾದ ನೀಲನ್ ತಿರುಚೆಲ್ವಂ. ರಾಷ್ಟ್ರವಾಗಬೇಕಾದರೆ ಬಹಳಷ್ಟನ್ನು ಮರೆಯಬೇಕಾಗುತ್ತದೆ ಎಂದು ಫ್ರಾನ್ಸಿನ ಅರ್ನೆಸ್ಟ್ ರೆನಾನ್ 1882ರಲ್ಲೇ ಹೇಳಿದ್ದರು. ನೀವು ಬರೆಯುವಾಗ, ಮರೆಯುವಂತೆ ಎರಡೂ ಕಡೆಯವರು ಹೇಳುವುದನ್ನು ಮರೆಯಬೇಡಿ.

ಈಗ ಎರಡನೆಯ ಗಂಟು. ಒಂದು ಜನ ತನ್ನನ್ನು ರಾಷ್ಟ್ರವೆಂದು ಭಾವಿಸುವುದು ಒಂದು ಸಂಗತಿ. ಅದಕ್ಕೆ ಪ್ರತ್ಯೇಕ ದೇಶ ಬೇಕೆಂಬುದು ಬೇರೆಯೇ ಸಂಗತಿ. ಇದಕ್ಕೆ ಶ್ರೀಲಂಕಾದ ಇತಿಹಾಸವೇ ಸಾಕ್ಷಿ. ಚೆಲ್ವನಾಯಗಂ 1949ರಲ್ಲಿ ಪಕ್ಷ ಕಟ್ಟಿದಾಗಲೇ ತಮಿಳರು ಒಂದು ರಾಷ್ಟ್ರವೆಂದು ನಂಬಿದ್ದರು. ಆದರೆ ಕೇಳಿದ್ದು ಒಕ್ಕೂಟವನ್ನು. 1961ರ ಏಪ್ರಿಲಿನಲ್ಲಿ ಜಾಫ್ನಾದಲ್ಲಿ ಸತ್ಯಾಗ್ರಹಿಗಳು ತಮ್ಮದೇ ಅಂಚೆ ಸೇವೆ ಆರಂಭಿಸಿ ತಮ್ಮದೇ ಅಂಚೆಚೀಟಿ ಮಾರಿದರು. ಸರ್ಕಾರ ತುರ್ತು ಪರಿಸ್ಥಿತಿ ಹೇರಿ ಸೇನೆ ಕಳಿಸಿತು. (ನಿಮ್ಮ ಹಿರಿಯರು ಅಂಚೆ ಗುಮಾಸ್ತರಲ್ಲವೇ? ಆ ಚೀಟಿಗಳನ್ನು ನೋಡಿದ್ದರೇ ಎಂದು ಮರೆಯದೆ ಕೇಳಿ.) 1957ರ ಒಪ್ಪಂದ ಮುರಿಯಿತು, 1965ರದ್ದೂ ಜಾರಿಯಾಗಲಿಲ್ಲ, 1972ರ ಸಂವಿಧಾನ ಅಲ್ಪಸಂಖ್ಯಾತರ ರಕ್ಷಣೆಗಿದ್ದ ಹಳೆಯ ವಿಧಿಯನ್ನೂ ಕೈಬಿಟ್ಟಿತು. 1976ರ ಮೇ 14ರಂದು ವಟ್ಟುಕೋಟೈಯಲ್ಲಿ ತಮಿಳು ಪಕ್ಷಗಳು ಪ್ರತ್ಯೇಕ ದೇಶದ ಠರಾವು ಮಾಡಿದ್ದು ಆ ನಂತರ. ರಾಷ್ಟ್ರಭಾವನೆಯಿಂದ ಪ್ರತ್ಯೇಕತೆಗೆ ಇಪ್ಪತ್ತೇಳು ವರ್ಷದ ದಾರಿ, ಮೈಲಿಗೊಂದು ಮುರಿದ ಮಾತು. ನಿಮ್ಮ ಪ್ರಬಂಧದಲ್ಲಿ ಅಧ್ಯಾಯ ವಿಂಗಡಿಸುವುದಾದರೆ ಈ ಮುರಿದ ಮಾತುಗಳ ಮೇಲೆ ವಿಂಗಡಿಸಿ.

ಮುಂದಿನ ದಾರಿಗಳನ್ನು ಕೇಳಿದ್ದೀರಿ. ಪ್ರತ್ಯೇಕ ದೇಶ ಎಂಬುದನ್ನು ಇಂದು ಗಂಭೀರವಾಗಿ ಕೇಳುವವರು ಬಹುತೇಕ ಹೊರದೇಶಗಳಲ್ಲಿದ್ದಾರೆ. 1983ರ ಆರನೆಯ ತಿದ್ದುಪಡಿ ಅದನ್ನು ಪ್ರತಿಪಾದಿಸುವುದನ್ನೇ ನಿಷೇಧಿಸಿದೆ. ಕಾನೂನನ್ನು ಬದಿಗಿಟ್ಟರೂ, ಪೂರ್ವ ಪ್ರಾಂತದಲ್ಲಿ ತಮಿಳರು, ಮುಸ್ಲಿಮರು, ಸಿಂಹಳರು ಬೆರೆತು ಬದುಕುತ್ತಾರೆ. ಅಲ್ಲಿ ಎಲ್ಲಿ ಗೆರೆ ಎಳೆದರೂ ಹೊಸ ಅಲ್ಪಸಂಖ್ಯಾತರು ಹುಟ್ಟುತ್ತಾರೆ, 1990ರ ಭಯ ಅವರ ಬೆನ್ನ ಹಿಂದೆ ನಿಲ್ಲುತ್ತದೆ. ಎಂಬತ್ತು ಸಾವಿರದಿಂದ ಒಂದು ಲಕ್ಷದವರೆಗೆ ಜನ ಸತ್ತರೆಂದು ಅಂದಾಜಿರುವ ಯುದ್ಧದ, ಕೊನೆಯ ತಿಂಗಳುಗಳಲ್ಲೇ ನಲವತ್ತು ಸಾವಿರದಷ್ಟು ನಾಗರಿಕರು ಸತ್ತಿರಬಹುದೆಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ ಹೇಳಿದ ಯುದ್ಧದ, ನೆನಪಿರುವವರು ಆ ದಾರಿಯನ್ನು ಮತ್ತೆ ಸೂಚಿಸಲಾರರು.

ಒಕ್ಕೂಟ ವ್ಯವಸ್ಥೆ ತತ್ವದಲ್ಲಿ ಒಳ್ಳೆಯದು. 2002ರ ಡಿಸೆಂಬರಿನಲ್ಲಿ ಓಸ್ಲೊದಲ್ಲಿ ಎರಡೂ ಕಡೆಯವರು ಅದನ್ನು ಪರಿಶೀಲಿಸಲು ಒಪ್ಪಿದ್ದರು. ತೊಡಕೆಂದರೆ, ಸಿಂಹಳರ ಕಿವಿಗೆ ಆ ಪದವೇ ವಿಭಜನೆಯ ಮೊದಲ ಮೆಟ್ಟಿಲಿನಂತೆ ಕೇಳುತ್ತದೆ. ಸಂಖ್ಯೆಯಲ್ಲಿ ಮುಕ್ಕಾಲು ಪಾಲಿದ್ದರೂ, ಪಾಕ್ ಜಲಸಂಧಿಯಾಚೆಯ ಕೋಟಿಗಟ್ಟಲೆ ತಮಿಳರನ್ನು ಸೇರಿಸಿ ಲೆಕ್ಕ ಹಾಕಿ ತಾವೇ ಅಲ್ಪಸಂಖ್ಯಾತರೆಂದು ಭಾವಿಸುವ ಜನ ಅವರು. ಈ ಭಯವನ್ನು ತಳ್ಳಿಹಾಕಿದ ಯಾವ ಪರಿಹಾರವೂ ನಿಂತಿಲ್ಲ.

1987ರ ಭಾರತ–ಶ್ರೀಲಂಕಾ ಒಪ್ಪಂದದಿಂದ ಬಂದ ಹದಿಮೂರನೆಯ ತಿದ್ದುಪಡಿ ಈಗ ಕಾಗದದ ಮೇಲಿದೆ. ತಮಿಳು ಆಡಳಿತ ಭಾಷೆಯಾದದ್ದು, ಪ್ರಾಂತೀಯ ಮಂಡಳಿಗಳು ಹುಟ್ಟಿದ್ದು ಅದರಿಂದಲೇ. ಆದರೆ ಭೂಮಿ, ಪೊಲೀಸ್ ಅಧಿಕಾರಗಳು ಪೂರ್ತಿಯಾಗಿ ಕೈಬದಲಾಗಲಿಲ್ಲ. ಉತ್ತರ ಪ್ರಾಂತದ ಪ್ರತ್ಯೇಕ ಮಂಡಳಿಗೆ ಮೊದಲ ಚುನಾವಣೆ ನಡೆದದ್ದೇ 2013ರಲ್ಲಿ. 2018ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ರಾಜ್ಯಪಾಲರೇ ಆಳಿದರು. ಇದರ ಅಪಾಯ ಹೊಸ ಯುದ್ಧವಲ್ಲ, ನಿಧಾನದ ಹತಾಶೆ. ಕೊಟ್ಟೂ ಕೊಡದ ಅಧಿಕಾರ 1957ರ ನೆನಪನ್ನು ಮತ್ತೆ ಮತ್ತೆ ಕೆದಕುತ್ತದೆ. ಆದರೂ ಕೈಯಲ್ಲಿರುವ ಕಾನೂನನ್ನು ಮೊದಲು ಪೂರ್ತಿ ಜಾರಿಮಾಡುವುದೇ ಎಲ್ಲಕ್ಕಿಂತ ಕಡಿಮೆ ಅಪಾಯದ ದಾರಿ ಎಂದು ನನಗೆ ತೋರುತ್ತದೆ.

ಇನ್ನೊಂದು ದಾರಿ, ಜನಾಂಗದ ಮಾತೇ ಬೇಡ, ಎಲ್ಲರೂ ಸಮಾನ ಪ್ರಜೆಗಳು ಎಂಬುದು. 2022ರ ಮೇ 18ರಂದು, ಅಧ್ಯಕ್ಷರ ವಿರುದ್ಧ ಹೋರಾಡುತ್ತಿದ್ದ ಸಿಂಹಳ ತರುಣರು ಕೊಲಂಬೊದ ಗಾಲ್ ಫೇಸ್ ಮೈದಾನದಲ್ಲಿ ತಮಿಳರೊಂದಿಗೆ ನಿಂತು 2009ರಲ್ಲಿ ಯುದ್ಧದ ಕೊನೆಯ ದಿನಗಳಲ್ಲಿ ಮುಳ್ಳಿವಾಯ್ಕಾಲಿನಲ್ಲಿ ಸತ್ತವರನ್ನು ನೆನೆದರು. 2024ರ ಸಂಸತ್ ಚುನಾವಣೆಯಲ್ಲಿ ಜಾಫ್ನಾ ಜಿಲ್ಲೆಯಲ್ಲಿ ದಕ್ಷಿಣದ ಪಕ್ಷಕೂಟವೊಂದು ಮೊದಲ ಸ್ಥಾನ ಪಡೆಯಿತು. ಅದರ ತಿರುಳಾದ ಪಕ್ಷ, 1971ರಲ್ಲಿ ಬಂದೂಕು ಹಿಡಿದಿದ್ದ ಅದೇ ಜನತಾ ವಿಮುಕ್ತಿ ಪೆರಮುನ. ರಕ್ತದ ಸಿದ್ಧಾಂತಕ್ಕೆ ಇದು ಅರ್ಥವಾಗದು. ಆದರೆ ಜಾಗ್ರತೆ: ಸೇನೆ ಹಿಡಿದ ಜಮೀನು, ಕಾಣೆಯಾದ ಮಕ್ಕಳ ಪಟ್ಟಿ, ಕಚೇರಿಯಲ್ಲಿ ತಮಿಳು ಓದಬಲ್ಲ ಗುಮಾಸ್ತ, ಇವಕ್ಕೆ ಉತ್ತರ ಕೊಡದೆ ‘ನಾವೆಲ್ಲ ಒಂದೇ’ ಎಂದರೆ, ಅದನ್ನು ಹೇಳುವುದು ಬಹುಸಂಖ್ಯಾತರಿಗೆ ಸುಲಭ, ಕೇಳುವುದು ಅಲ್ಪಸಂಖ್ಯಾತರಿಗೆ ಕಷ್ಟ.

ನಿಮ್ಮ ಹಿರಿಯರಿಗೆ ಓದಿ ಹೇಳುವ ದಿನ, ಸಿದ್ಧಾಂತದ ಅಧ್ಯಾಯದಿಂದ ಆರಂಭಿಸಬೇಡಿ. ಅವರು ನಿಮಗೆ ಎರಡು ಕಾಲಮಾನಗಳನ್ನು ಕೊಟ್ಟಿದ್ದಾರೆ: ಎರಡು ಸಾವಿರ ವರ್ಷ ಮತ್ತು 1959. ಮೊದಲನೆಯದು ಅವರು ತಮ್ಮ ಮಗನ ಸಾವಿಗೆ ಕೊಟ್ಟ ಅರ್ಥ. ಅದನ್ನು ಅವರ ಮಾತಿನಲ್ಲೇ, ಉದ್ಧರಣೆಯಲ್ಲಿ, ಹಾಗೆಯೇ ಇರಲು ಬಿಡಿ. ಎರಡನೆಯದು ಸಾಕ್ಷ್ಯ. ಅದನ್ನು ಬೆಳೆಸಿ. ಪರೀಕ್ಷೆಗೆ ಎಷ್ಟು ಸಲ ಕುಳಿತರು, ಪಕ್ಕದ ಮೇಜಿನ ಸಿಂಹಳ ಸಹೋದ್ಯೋಗಿ ಅವರಿಗೆ ಅಕ್ಷರ ಕಲಿಸಿದರೇ, ಹೆಚ್ಚಳ ನಿಂತ ತಿಂಗಳು ಮನೆಗೆ ಹೋಗಿ ಹೆಂಡತಿಗೆ ಏನೆಂದರು, 1983ರಲ್ಲಿ ಮನೆ ಉರಿದಾಗ ಬಾಗಿಲು ತೆರೆದ ನೆರೆಯವರು ಯಾರು ಎಂದು ಕೇಳಿ. ಬಾಗಿಲು ತೆರೆದ ಸಿಂಹಳ ಕುಟುಂಬಗಳೂ ಆ ವಾರ ಬಹಳ ಇದ್ದವು. ಅವರು ಹೇಳಿದ್ದನ್ನು ಬರೆದುಕೊಂಡ ಮೇಲೆ, ಅವರ ಮುಂದೆಯೇ ಒಮ್ಮೆ ಓದಿ, ತಪ್ಪಿದ್ದರೆ ತಿದ್ದಿಸಿಕೊಂಡು ಬನ್ನಿ.